ಹೆರಾತಿನ ರಾಯಭಾರಿ ಮತ್ತು ಎರಡು ಹೊಳೆಗಳ ನಡುವಣ ನೆಲ

1443ರಲ್ಲಿ ವಿಜಯನಗರದಲ್ಲಿ ಬೀಡುಬಿಟ್ಟಿದ್ದ ಪರದೇಶದ ರಾಯಭಾರಿಯೊಬ್ಬನಿಗೆ ಅರಮನೆಯಿಂದ ಬರುತ್ತಿದ್ದ ದಿನದ ಪಡಿ ಇದ್ದಕ್ಕಿದ್ದಂತೆ ನಿಂತುಹೋಯಿತು. ಎರಡು ಕುರಿ, ನಾಲ್ಕು ಜೋಡಿ ಕೋಳಿ, ಐದು ಮಣ ಅಕ್ಕಿ, ಒಂದು ಮಣ ಬೆಣ್ಣೆ, ಒಂದು ಮಣ ಸಕ್ಕರೆ, ಎರಡು ವರಹ: ಇಷ್ಟು ಅವನಿಗೆ ನಿತ್ಯ ಸಲ್ಲುತ್ತಿತ್ತು. ನಿಲ್ಲಿಸಿದವನು ದಂಡನಾಯಕನ ಜಾಗದಲ್ಲಿ ತಾತ್ಪೂರ್ತಿಕವಾಗಿ ಕೂತಿದ್ದ ಅಧಿಕಾರಿ. ದಂಡನಾಯಕ ಊರಲ್ಲಿರಲಿಲ್ಲ, ಬಹಮನಿಗಳ ಮೇಲೆ ದಂಡು ಕಟ್ಟಿಕೊಂಡು ಕಲಬುರಗಿ ಸೀಮೆಗೆ ಹೋಗಿದ್ದ. ಹಂಪಿಯಿಂದ ಕಲಬುರಗಿಯತ್ತ ಹೊರಟ ಯಾವ ದಂಡೂ ತುಂಗಭದ್ರೆಯನ್ನು ದಾಟಿ, ಕೃಷ್ಣೆಯವರೆಗಿನ ನೆಲವನ್ನು ತುಳಿಯದೆ ಮುಂದೆ ಹೋಗಲಾರದು. ಇಂದಿನ ಗಂಗಾವತಿ, ಕೊಪ್ಪಳ, ಯಲಬುರ್ಗಾ, ಕುಷ್ಟಗಿಗಳು ಆ ಎರಡು ಹೊಳೆಗಳ ನಡುವಿನವು. ಹೆರಾತಿಗೂ ವಿಜಯನಗರಕ್ಕೂ ಇದ್ದ ರಾಯಭಾರದ ನಂಟನ್ನು ನಾವು ಹಂಪಿಯ ವೈಭವದ ವರ್ಣನೆಯಾಗಿ ಮಾತ್ರ ಓದುತ್ತ ಬಂದಿದ್ದೇವೆ. ಅದನ್ನು ಹೊಳೆಯ ಉತ್ತರದ ದಂಡೆಯಲ್ಲಿ ನಿಂತು ಓದಬೇಕೆಂಬುದು ಈ ಲೇಖನದ ವಾದ.

ರಾಯಭಾರಿಯ ಹೆಸರು ಅಬ್ದುರ್ ರಝಾಕ್. 1413ರಲ್ಲಿ ಹೆರಾತಿನಲ್ಲಿ ಹುಟ್ಟಿದವನು. ತೈಮೂರನ ಮಗ ಷಾ ರೂಖ್ ಆಗ ಅಲ್ಲಿಂದ ಆಳುತ್ತಿದ್ದ ದೊರೆ. 1442ರ ಜನವರಿಯಲ್ಲಿ ಹೊರಟ ಅವನನ್ನು ಕಳಿಸಿದ್ದು ವಿಜಯನಗರಕ್ಕಲ್ಲ, ಕಲ್ಲಿಕೋಟೆಯ ಸಾಮೂದಿರಿಯ ಬಳಿಗೆ. ಹೊರ್ಮುಜಿನಿಂದ ಹಡಗು ಹತ್ತಿ ಕಲ್ಲಿಕೋಟೆ ಸೇರಿದವನಿಗೆ ಅಲ್ಲಿ ಮನಸ್ಸು ನಿಲ್ಲಲಿಲ್ಲ. ಅಷ್ಟರಲ್ಲಿ ವಿಜಯನಗರದ ಅರಸ ಇಮ್ಮಡಿ ದೇವರಾಯನ ದೂತ ಬಂದ: ಷಾ ರೂಖನ ರಾಯಭಾರಿಯನ್ನು ತಡಮಾಡದೆ ಇತ್ತ ಕಳಿಸಬೇಕು. ಸಾಮೂದಿರಿ ದೇವರಾಯನ ಅಧೀನನಲ್ಲ, ಆದರೂ ಅವನ ಮಾತಿಗೆ ಅಂಜುತ್ತಿದ್ದನೆಂದು ಅಬ್ದುರ್ ರಝಾಕನೇ ಬರೆದಿದ್ದಾನೆ. ಹೀಗೆ, ಈ ನಂಟಿನ ಮೊದಲ ಹೆಜ್ಜೆ ಇಟ್ಟವನು ದೇವರಾಯ. ಇದನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ನಮ್ಮ ಪಠ್ಯಗಳಲ್ಲಿ ಪರದೇಶದವರು ತಾವಾಗಿ ಬಂದು, ನೋಡಿ, ಹೊಗಳಿ ಹೋಗುವವರು; ನಮ್ಮ ಅರಸರು ನೋಡಿಸಿಕೊಳ್ಳುವವರು.

ಮಂಗಳೂರಿನ ಮೇಲೆ ಘಟ್ಟ ಹತ್ತಿ ಬಂದ ರಾಯಭಾರಿ 1443ರ ಏಪ್ರಿಲ್ ಕೊನೆಯಲ್ಲಿ ರಾಜಧಾನಿ ಮುಟ್ಟಿದ. ಐದು ಕುದುರೆ, ತಲಾ ಒಂಬತ್ತು ರೇಷ್ಮೆ ಬಟ್ಟೆಗಳ ಎರಡು ತಟ್ಟೆ ಕಾಣಿಕೆ ಒಪ್ಪಿಸಿದ. ಬೇಸಿಗೆಯ ಸೆಕೆ. ಹೆರಾತಿನ ರಿವಾಜಿನಂತೆ ನಿಲುವಂಗಿಯ ಮೇಲೆ ನಿಲುವಂಗಿ ತೊಟ್ಟಿದ್ದ ಅವನು ಬೆವರಿನಲ್ಲಿ ತೊಯ್ದುಹೋಗಿದ್ದ. ದೇವರಾಯ ಅದನ್ನು ಗಮನಿಸಿ, ತನ್ನ ಕೈಯಲ್ಲಿದ್ದಂಥದೇ ಚೀನಾದ ಬೀಸಣಿಗೆಯೊಂದನ್ನು ಅವನಿಗೆ ಕೊಡಿಸಿದ. ಮುಂದೆ ವಾರಕ್ಕೆರಡು ಬಾರಿ ಭೇಟಿ. ಪ್ರತಿ ಸಲವೂ ವೀಳ್ಯ, ಹಣದ ಚೀಲ, ಕರ್ಪೂರ. ಆ ಬೀಸಣಿಗೆಯಷ್ಟು ಆತ್ಮೀಯವಾದ ವಿವರ ವಿಜಯನಗರದ ದಾಖಲೆಗಳಲ್ಲಿ ನನಗೆ ಬೇರೆಲ್ಲೂ ಕಂಡಿಲ್ಲ.

ಅಬ್ದುರ್ ರಝಾಕ್ ಬಣ್ಣಿಸಿದ ಏಳು ಸುತ್ತಿನ ಕೋಟೆಯ ಮಾತು ಎಲ್ಲರಿಗೂ ಗೊತ್ತು. ಹೊರಕೋಟೆಯ ದಕ್ಷಿಣದ ಬಾಗಿಲಿನಿಂದ ಉತ್ತರದ ಬಾಗಿಲಿಗೆ ಎರಡು ಫರ್ಸಂಗ್, ಅಂದರೆ ಸುಮಾರು 11 ಕಿಲೋಮೀಟರ್, ಎನ್ನುತ್ತಾನವನು. ಹೊಸಪೇಟೆಯ ಕಡೆಯಿಂದ ಅಳೆಯುತ್ತ ಬಂದು ಹೊಳೆಯಲ್ಲೇ ನಿಂತರೆ ಈ ಲೆಕ್ಕ ಕೂಡುವುದು ಕಷ್ಟ. ಹೊಳೆಯಾಚೆಯ ಆನೆಗೊಂದಿಯ ಗುಡ್ಡಗಳ ಗೋಡೆಗಳನ್ನು ಸೇರಿಸಿಕೊಂಡರೆ ಹತ್ತಿರ ಬರುತ್ತದೆ. ಆನೆಗೊಂದಿ ಹಳೆಯ ರಾಜಧಾನಿ ಮಾತ್ರವಲ್ಲ, ಆಗಿನ ನಗರದ ಉತ್ತರದ ಬಾಗಿಲೂ ಹೌದು. ಸುಮಾರು 1520ರಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇಲ್ಲಿನ ದಾಟುವಿಕೆಯನ್ನು ಬಣ್ಣಿಸಿದ್ದಾನೆ: ಬುಟ್ಟಿಯಂತೆ ದುಂಡಗೆ ಹೆಣೆದು ಚರ್ಮ ಹೊದಿಸಿದ ಹರಿಗೋಲು, ಹದಿನೈದಿಪ್ಪತ್ತು ಜನ, ಅಗತ್ಯ ಬಿದ್ದರೆ ಕುದುರೆ, ಎತ್ತು ಕೂಡ.

ಕುದುರೆಯಲ್ಲೇ ವಿಷಯದ ಗಂಟಿದೆ. ಬಹಮನಿಗಳ ಎದುರು ತಾವೇಕೆ ಸೋಲುತ್ತಿದ್ದೇವೆಂದು ದೇವರಾಯ ತನ್ನವರನ್ನು ಕೂಡಿಸಿ ಕೇಳಿದಾಗ, ಅವರ ಕುದುರೆಗಳು ಗಟ್ಟಿ, ಬಿಲ್ಲುಗಾರರು ನುರಿತವರು ಎಂಬ ಉತ್ತರ ಬಂತೆಂದು ಚರಿತ್ರಕಾರ ಫೆರಿಶ್ತಾ ಬರೆಯುತ್ತಾನೆ. ಆಮೇಲೆ ದೇವರಾಯ ಮುಸ್ಲಿಂ ಸೈನಿಕರಿಗೆ ಜಾಗೀರು ಕೊಟ್ಟು ಸೇರಿಸಿಕೊಂಡ. ಒಳ್ಳೆಯ ಕುದುರೆ ಬರುತ್ತಿದ್ದುದು ಹೊರ್ಮುಜಿನ ಕಡಲದಾರಿಯಿಂದ. ಆ ಸೀಮೆಯಲ್ಲೆಲ್ಲ ಷಾ ರೂಖನ ಹೆಸರಿಗೆ ತೂಕವಿತ್ತು. ದೇವರಾಯ ಅವನ ರಾಯಭಾರಿಯನ್ನು ಕರೆಸಿಕೊಂಡದ್ದರ ಹಿಂದೆ ಈ ಲೆಕ್ಕವಿತ್ತೆಂದು ನಾನು ಭಾವಿಸುತ್ತೇನೆ. ನೂರು ವರ್ಷದ ಮೇಲೆ, 1547ರಲ್ಲಿ, ಗೋವೆಯ ಪೋರ್ಚುಗೀಸರೊಂದಿಗೆ ವಿಜಯನಗರ ಮಾಡಿಕೊಂಡ ಒಪ್ಪಂದದಲ್ಲಿ ಇದು ಬಿಚ್ಚುಮಾತಾಗಿಯೇ ಇದೆ: ಗೋವೆಗೆ ಬಂದಿಳಿದ ಕುದುರೆಗಳು ವಿಜಯನಗರಕ್ಕೆ, ಬಿಜಾಪುರಕ್ಕಲ್ಲ.

1443ರ ಯುದ್ಧದ ಬಗ್ಗೆ ಇಬ್ಬರು ಬರಹಗಾರರು ಎರಡು ಮಾತು ಹೇಳುತ್ತಾರೆ. ದೇವರಾಯನ ಮೇಲೆ ಅವನ ತಮ್ಮನಿಂದ ಕೊಲೆಯತ್ನ ನಡೆದದ್ದನ್ನು ಕೇಳಿ ಬಹಮನಿ ಸುಲ್ತಾನ ಅಲಾವುದ್ದೀನ್ 7 ಲಕ್ಷ ವರಹ ಕೇಳಿದ, ಅದಕ್ಕೆ ದಂಡು ಹೊರಟಿತು ಎಂಬುದು ಅಬ್ದುರ್ ರಝಾಕನ ಹೇಳಿಕೆ. ದೇವರಾಯನೇ ಮೊದಲು ಹೊಳೆ ದಾಟಿ ಮುದಗಲ್ಲು ಹಿಡಿದ ಎಂಬುದು ಫೆರಿಶ್ತಾನದು. ಮೊದಲನೆಯವನು ಸ್ಥಳದಲ್ಲಿದ್ದ, ಆದರೆ ಅರಮನೆಯ ಪಡಿ ಉಣ್ಣುತ್ತಿದ್ದ. ಎರಡನೆಯವನು ಬಿಜಾಪುರದಲ್ಲಿ ಕೂತು ಒಂದೂವರೆ ಶತಮಾನ ಕಳೆದ ಮೇಲೆ ಬರೆದ. ಕಾಳಗ ಯಾವ ನೆಲಕ್ಕಾಗಿ ಎಂಬುದರಲ್ಲಿ ಮಾತ್ರ ಗೊಂದಲವಿಲ್ಲ: ಎರಡು ಹೊಳೆಗಳ ನಡುವಣ ನೆಲಕ್ಕಾಗಿ.

ದಂಡನಾಯಕ ಸೆರೆಯಾಳುಗಳೊಂದಿಗೆ ಹಿಂತಿರುಗಿದ ಮೇಲೆ ರಾಯಭಾರಿಯ ಕಷ್ಟ ತೀರಿತು. ಆದರೆ ಅಷ್ಟರಲ್ಲಿ ಇನ್ನೊಂದು ಪೆಟ್ಟು ಬಿದ್ದಾಗಿತ್ತು. ಇವನು ಷಾ ರೂಖ್ ಕಳಿಸಿದವನೇ ಅಲ್ಲವೆಂದು ಹೊರ್ಮುಜಿನ ವರ್ತಕರು ಊರಲ್ಲಿ ಸುದ್ದಿ ಹಬ್ಬಿಸಿದ್ದರು. ಸಾವಿರಾರು ಮೈಲಿಯಾಚೆಯ ಹೆರಾತಿನಿಂದ ಖಾತ್ರಿ ತರಿಸುವ ದಾರಿಯಿರಲಿಲ್ಲ. ಬೀಳ್ಕೊಡುವಾಗ ದೇವರಾಯ ಅದನ್ನು ಮುಚ್ಚಿಡಲಿಲ್ಲ: ಜನ ಹೀಗೆನ್ನುತ್ತಾರೆ, ಇಲ್ಲದಿದ್ದರೆ ಇನ್ನೂ ಹೆಚ್ಚಿನ ಮರ್ಯಾದೆ ಸಲ್ಲುತ್ತಿತ್ತು ಎಂದ. ಆದರೂ ನಂಟನ್ನು ಕಡಿಯಲಿಲ್ಲ. ಷಾ ರೂಖನಿಗೆ ಪತ್ರವನ್ನೂ ಕಾಣಿಕೆಯನ್ನೂ ಸಿದ್ಧಪಡಿಸಿ, ತನ್ನ ರಾಯಭಾರಿಗಳಾಗಿ ಇಬ್ಬರನ್ನು ಜೊತೆಗೆ ಕಳಿಸಿದ: ಖ್ವಾಜಾ ಮಸೂದ್, ಖ್ವಾಜಾ ಮುಹಮ್ಮದ್. ಇಬ್ಬರೂ ಮೂಲತಃ ಹೆರಾತ್ ಇರುವ ಖುರಾಸಾನದವರೇ. ತನ್ನ ಊರಲ್ಲಿ ಪರದೇಶಿಯ ಗುರುತಿಗೆ ಬಂದ ಸಂಶಯ ಅಲ್ಲಿ ತನ್ನವರ ಮೇಲೆ ಬಾರದಂತೆ, ಹೆರಾತಿನ ಮಾತು ಬಲ್ಲವರನ್ನೇ ದೇವರಾಯ ಆರಿಸಿರಬೇಕು.