ಹೆರಿಗೆಯ ಖರ್ಚು: ತವರುಮನೆಯಿಂದ ವಿಮಾ ಪಾಲಿಸಿಯವರೆಗೆ

ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬ ಪದ್ಧತಿ ಕನ್ನಡನಾಡಿನ ಬಹುಭಾಗದಲ್ಲಿ ಖರ್ಚಿನ ಹಂಚಿಕೆಯೂ ಆಗಿತ್ತು. ಸೀಮಂತ ಮುಗಿಸಿ ಮಗಳನ್ನು ಕರೆತಂದವರೇ ಸೂಲಗಿತ್ತಿಯ ಮರ್ಯಾದೆ, ಬಾಣಂತಿಯ ಎಣ್ಣೆನೀರು, ಖಾರ, ತುಪ್ಪ, ತೊಟ್ಟಿಲ ಶಾಸ್ತ್ರ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದರು. ಸೂಲಗಿತ್ತಿಗೆ ಸಲ್ಲುತ್ತಿದ್ದುದು ಹೆಚ್ಚಾಗಿ ಕಾಳುಕಡ್ಡಿ, ಎಲೆಅಡಿಕೆ, ಸೀರೆ, ಕುಪ್ಪಸ. ಏನನ್ನೂ ಕೇಳದವರೂ ಇದ್ದರು. 2018ರಲ್ಲಿ ಪದ್ಮಶ್ರೀ ಪಡೆದ ಪಾವಗಡದ ಸೂಲಗಿತ್ತಿ ನರಸಮ್ಮ 15 ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಹಣ ಪಡೆಯದೆ ಮಾಡಿಸಿದ್ದರು. ಈ ಏರ್ಪಾಡು ಅಗ್ಗವಾಗಿತ್ತು ನಿಜ. ಆದರೆ ಮಗು ಅಡ್ಡಬಿದ್ದರೆ, ರಕ್ತಸ್ರಾವ ನಿಲ್ಲದಿದ್ದರೆ ಅದರ ಬೆಲೆಯನ್ನು ತಾಯಿಯ ಜೀವವೇ ತೆರಬೇಕಿತ್ತು.

ಹೆಂಗಸರಿಗೆ ಆಸ್ಪತ್ರೆಯ ಬಾಗಿಲು ತೆರೆದದ್ದು ವಿಮೆಯಿಂದಲ್ಲ, ದಾನದಿಂದ. 1885ರಲ್ಲಿ ಶುರುವಾದ ಲೇಡಿ ಡಫರಿನ್ ನಿಧಿ ದೇಶದ ಹಲವೆಡೆ ಮಹಿಳಾ ವೈದ್ಯರನ್ನೂ ಸೂಲಗಿತ್ತಿಯರ ತರಬೇತಿಯನ್ನೂ ಪೋಷಿಸಿತು. ಮೈಸೂರು ಸಂಸ್ಥಾನದಲ್ಲಿ ಈ ಹೊಣೆಯನ್ನು ಅರಮನೆ ಮತ್ತು ಸರ್ಕಾರ ಹೊತ್ತವು. 1935ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ವಾಣಿವಿಲಾಸ ಆಸ್ಪತ್ರೆ ಅದರ ಫಲ.

ದುಡಿಯುವ ಹೆಣ್ಣಿಗೆ ಇಷ್ಟು ಸಾಲದು. ಆಸ್ಪತ್ರೆ ಪುಕ್ಕಟೆಯಾದರೂ ಮನೆಯಲ್ಲಿ ಕುಳಿತ ವಾರಗಳ ಕೂಲಿ ಹೋಗುತ್ತಿತ್ತು. 1919ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ ಹೆರಿಗೆ ರಕ್ಷಣೆಯ ಒಪ್ಪಂದವನ್ನು ರೂಪಿಸಿತು. ಹತ್ತು ವರ್ಷಗಳ ಬಳಿಕ ಮುಂಬಯಿ ಪ್ರಾಂತ್ಯ ಭಾರತದ ಮೊದಲ ಹೆರಿಗೆ ಭತ್ಯೆ ಕಾಯ್ದೆಯನ್ನು ತಂದಿತು. ಅದರ ಮಸೂದೆ 1928ರಲ್ಲಿ ಮುಂಬಯಿ ಶಾಸನ ಪರಿಷತ್ತಿನ ಮುಂದೆ ಬಂದಾಗ ಡಾ. ಬಿ.ಆರ್. ಅಂಬೇಡ್ಕರ್ ಬೆಂಬಲಿಸಿ ಮಾತಾಡಿದರು. ತಾಯಿಗೆ ವಿಶ್ರಾಂತಿ ಸಿಗುವುದು ನಾಡಿನ ಹಿತದ ವಿಷಯ, ಆದ್ದರಿಂದ ಈ ಹೊರೆಯ ದೊಡ್ಡ ಪಾಲು ಸರ್ಕಾರದ್ದಾಗಬೇಕು, ಆದರೆ ಸರ್ಕಾರ ಮುಂದೆ ಬಂದಿಲ್ಲವೆಂದು ಮಾಲೀಕರನ್ನು ಪೂರ್ತಿ ಬಿಟ್ಟುಬಿಡಲಾಗದು ಎಂಬುದು ಅವರ ವಾದದ ತಿರುಳು. ಮುಂದಿನ ಚರ್ಚೆಯೆಲ್ಲ ಸುತ್ತಿದ್ದು ಹೊರೆ ಯಾರದೆಂಬ ಈ ಪ್ರಶ್ನೆಯ ಸುತ್ತಲೇ.

ಕಾಯ್ದೆ ಮಾತ್ರ ಹೊರೆಯನ್ನು ಮಾಲೀಕನ ಮೇಲೆಯೇ ಹೊರಿಸಿತು. ಪರಿಣಾಮ ಊಹಿಸಬಹುದಾದದ್ದೇ: ಭತ್ಯೆ ಕೊಡುವುದಕ್ಕಿಂತ ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಳ್ಳದಿರುವುದು ಅಗ್ಗವಾಯಿತು. ಖರ್ಚು ಒಬ್ಬನ ಜೇಬಿಗೆ ಬೀಳದೆ ಸಾಮಾನ್ಯ ನಿಧಿಯೊಂದರಿಂದ ಬರಬೇಕೆಂಬ ಯೋಚನೆಗೆ ಖಚಿತ ರೂಪ ಕೊಟ್ಟವರು ಬಿ.ಪಿ. ಅಡಾರ್ಕರ್. 1944ರಲ್ಲಿ ಅವರು ಸಲ್ಲಿಸಿದ ವರದಿಯೇ 1948ರ ಕಾರ್ಮಿಕರ ರಾಜ್ಯ ವಿಮಾ ಕಾಯ್ದೆಯ ತಳಹದಿ. ಇಎಸ್‌ಐ ಎಂದೇ ಎಲ್ಲರ ಬಾಯಲ್ಲಿರುವ ಈ ಯೋಜನೆ 1952ರ ಫೆಬ್ರವರಿಯಲ್ಲಿ ಕಾನ್ಪುರ ಮತ್ತು ದೆಹಲಿಯಲ್ಲಿ ಜಾರಿಗೆ ಬಂತು. 1958ರಲ್ಲಿ ಬೆಂಗಳೂರಿಗೂ ಬಂತು. ಕೂಲಿಯಲ್ಲಿ ಒಂದಷ್ಟು ಕಾರ್ಮಿಕರ ವಂತಿಗೆ, ಅದಕ್ಕಿಂತ ಹೆಚ್ಚಿನದು ಮಾಲೀಕರದು. ಅದಕ್ಕೆ ಪ್ರತಿಯಾಗಿ ಆಸ್ಪತ್ರೆಯೂ ರಜೆಯ ಭತ್ಯೆಯೂ ಸಿಗುತ್ತಿದ್ದವು. ಹೆರಿಗೆಯನ್ನು ಮೊದಲಿನಿಂದಲೂ ವಿಮೆಯೊಳಗೆ ಸೇರಿಸಿಕೊಂಡ ಭಾರತದ ದೊಡ್ಡ ಯೋಜನೆ ಇದು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳ ಹೆಣ್ಣಾಳುಗಳಿಗೆ 1951ರ ತೋಟ ಕಾರ್ಮಿಕರ ಕಾಯ್ದೆ ಬೇರೆಯಾಗಿಯೇ ಇತ್ತು.

ಇಎಸ್‌ಐ ವ್ಯಾಪ್ತಿಗೆ ಬಾರದ ಉದ್ಯೋಗಸ್ಥರಿಗಾಗಿ 1961ರ ಹೆರಿಗೆ ಸೌಲಭ್ಯ ಕಾಯ್ದೆ ಬಂತು. ರಜೆ 12 ವಾರ. 2017ರ ತಿದ್ದುಪಡಿಯಿಂದ ಮೊದಲೆರಡು ಮಕ್ಕಳಿಗೆ 26 ವಾರ. ಮಾಲೀಕ ಉಚಿತ ವೈದ್ಯಕೀಯ ಆರೈಕೆ ಒದಗಿಸದಿದ್ದರೆ ಕೊಡಬೇಕಾದ ವೈದ್ಯಕೀಯ ಬೋನಸ್ಸು ಆರಂಭದಲ್ಲಿ 25 ರೂಪಾಯಿ, 2011ರ ಕೊನೆಗೆ 3,500. ಆ ಹೊತ್ತಿಗೆ ಬೆಂಗಳೂರಿನ ಖಾಸಗಿ ನರ್ಸಿಂಗ್ ಹೋಮಿನ ಬಿಲ್ಲಿನ ಮುಂದೆ ಈ ಮೊತ್ತ ಹೇಳಿಕೊಳ್ಳುವಂಥದ್ದಲ್ಲ.

ಆಸ್ಪತ್ರೆಯ ಬಿಲ್ಲಿಗೆಂದೇ 1986ರಲ್ಲಿ ಸರ್ಕಾರಿ ವಿಮಾ ಕಂಪನಿಗಳು ಮೆಡಿಕ್ಲೈಮ್ ಪಾಲಿಸಿಯನ್ನು ಮಾರತೊಡಗಿದವು. ಅದರಲ್ಲಿ ಹೆರಿಗೆಗೆ ಜಾಗವಿರಲಿಲ್ಲ. ಯಾರಿಗೆ ಯಾವಾಗ ಬರುವುದೋ ತಿಳಿಯದ ಕಾಯಿಲೆಯ ನಷ್ಟವನ್ನು ಹಂಚಿಕೊಳ್ಳುವುದು ವಿಮೆ. ಬಸಿರಾದರೋ ಬಹುಮಟ್ಟಿಗೆ ಮುಂದಾಗಿ ಗೊತ್ತಿರುವ ಸಂಗತಿ, ಹೆರಿಗೆಗೆ ಮುನ್ನ ಪಾಲಿಸಿ ಕೊಂಡು ಆಮೇಲೆ ಬಿಡುವವರೇ ಹೆಚ್ಚಾದರೆ ಪ್ರೀಮಿಯಂ ಏರುತ್ತದೆ ಎಂಬುದು ಕಂಪನಿಗಳ ಲೆಕ್ಕ. ಲೆಕ್ಕ ತಪ್ಪಲ್ಲ, ಆದರೆ ಸಿಸೇರಿಯನ್ ಬೇಕಾಗುವುದು ಎಷ್ಟೋ ಸಲ ಮುಂದಾಗಿ ಗೊತ್ತಿರುವುದಿಲ್ಲ. ಗರ್ಭಕೋಶದ ಹೊರಗೆ ಬೆಳೆದ ಗರ್ಭಕ್ಕೆ ಮಾತ್ರ ವಿನಾಯಿತಿ ಇತ್ತು. ಮುಂದೆ ಕಂಪನಿಗಳು ನೌಕರರಿಗಾಗಿ ಕೊಳ್ಳುವ ಗುಂಪು ವಿಮೆಯಲ್ಲಿ ಹೆರಿಗೆ ಸೇರಿತು, ಅದಕ್ಕೆ ಬೇರೆಯೇ ಮಿತಿಯೊಡನೆ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಇದು ರೂಢಿಯಾಯಿತು. ಸ್ವಂತಕ್ಕೆ ಪಾಲಿಸಿ ಕೊಳ್ಳುವವರಿಗೆ ಸಾಮಾನ್ಯವಾಗಿ ಕೆಲವು ವರ್ಷ ಕಾಯಬೇಕೆಂಬ ಷರತ್ತು ಉಳಿಯಿತು. ಬಿಲ್ಲು ಮಿತಿ ದಾಟಿದರೆ ಮಿಕ್ಕಿದ್ದನ್ನು ಕೈಯಿಂದಲೇ ಕಟ್ಟಬೇಕು. ಎಷ್ಟೋ ಪಾಲಿಸಿಗಳಲ್ಲಿ ಗರ್ಭಿಣಿಯ ತಿಂಗಳ ತಪಾಸಣೆ, ಸ್ಕ್ಯಾನಿಂಗ್ ಲೆಕ್ಕಕ್ಕೇ ಬರುವುದಿಲ್ಲ.

ಬಡವರ ಪಾಲಿಗೆ ಬದಲಾವಣೆ ಬಂದದ್ದು ಪ್ರೀಮಿಯಂ ಇಲ್ಲದ ದಾರಿಯಲ್ಲಿ. 2005ರ ಜನನಿ ಸುರಕ್ಷಾ ಯೋಜನೆ ಆಸ್ಪತ್ರೆಯಲ್ಲಿ ಹೆರುವವರ ಕೈಗೆ ನಗದು ಕೊಟ್ಟಿತು: ಕರ್ನಾಟಕದಲ್ಲಿ ಹಳ್ಳಿಯ ಬಿಪಿಎಲ್ ತಾಯಿಗೆ 700, ಪಟ್ಟಣದವಳಿಗೆ 600 ರೂಪಾಯಿ. ಇಲ್ಲಿ ಎರಡು ಮಕ್ಕಳಿಗೆ ಮಾತ್ರ ಎಂಬ ಷರತ್ತು 2013ರವರೆಗೂ ಇತ್ತು. ಹೆಚ್ಚು ಹೆತ್ತವಳಿಗೇ ಅಪಾಯ ಹೆಚ್ಚೆಂಬುದನ್ನು ಗಮನಿಸಿದರೆ ಇದು ವಿಚಿತ್ರ ನಿಯಮ. ರಾಜ್ಯ ಸರ್ಕಾರ ಬಾಣಂತಿಯರಿಗೆ ತಾಯಿ-ಮಗುವಿನ ಅಗತ್ಯವಸ್ತುಗಳ ಮಡಿಲು ಕಿಟ್ ಕೊಟ್ಟಿತು, ತಾಯಿ ಭಾಗ್ಯ ಯೋಜನೆಯಡಿ ಖಾಸಗಿ ಆಸ್ಪತ್ರೆಗಳ ಹೆರಿಗೆಗೂ ಹಣ ತೆತ್ತಿತು. 2011ರಲ್ಲಿ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಊಟ, ಹೋಗಿಬರುವ ವಾಹನ ಎಲ್ಲವನ್ನೂ ಉಚಿತವೆಂದು ಸಾರಿತು. 1992-93ರಲ್ಲಿ ರಾಜ್ಯದ ಹೆರಿಗೆಗಳಲ್ಲಿ ಅರ್ಧಕ್ಕಿಂತ ಕಡಿಮೆ ಆಸ್ಪತ್ರೆಯಲ್ಲಾಗುತ್ತಿದ್ದವು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ವೇಳೆಗೆ ಅದು ಶೇ. 97.

ಖರ್ಚು ಮಾತ್ರ ಪೂರ್ತಿ ಹೋಗಲಿಲ್ಲ. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ಹಳ್ಳಿಗಾಡಿನ ಕುಟುಂಬ ಸರ್ಕಾರಿ ಆಸ್ಪತ್ರೆಯ ಹೆರಿಗೆಗೂ ಸರಾಸರಿ ಎರಡು ಸಾವಿರ ರೂಪಾಯಿಗೂ ಹೆಚ್ಚು ಖರ್ಚು ಮಾಡುತ್ತಿತ್ತು. ಖಾಸಗಿಯಲ್ಲಾದರೆ 20 ಸಾವಿರಕ್ಕೂ ಹೆಚ್ಚು. ಕೂಲಿ ನಷ್ಟದ ಮಾತಿಗೆ ಬಂದರೆ, 2013ರ ಆಹಾರ ಭದ್ರತಾ ಕಾಯ್ದೆ ಗರ್ಭಿಣಿಗೆ ಕನಿಷ್ಠ 6,000 ರೂಪಾಯಿ ಎಂದಿತ್ತು. 2017ರಿಂದ ಜಾರಿಯಾದ ಪ್ರಧಾನಮಂತ್ರಿ ಮಾತೃವಂದನಾ ಯೋಜನೆ ಕೊಟ್ಟಿದ್ದು 5,000, ಅದೂ ಮೊದಲ ಮಗುವಿಗೆ ಮಾತ್ರ, ಕಂತುಗಳಲ್ಲಿ. ಎರಡನೆಯದು ಹೆಣ್ಣು ಮಗುವಾದರೆ 6,000 ಎಂಬ ನಿಯಮ ಸೇರಿದ್ದು 2022ರಲ್ಲಿ.