ನೀರು ಸುರಿದ ಹುಡುಗಿ

ಹವಳ ಎಂದರೆ ನಮಗೆ ಮೊದಲು ನೆನಪಾಗುವುದು ಕೊರಳಿನ ಸರ. ನನ್ನ ತಾಯಿ ಕರಿಮಣಿಯ ನಡುವೆ ಪೋಣಿಸಿಕೊಂಡಿದ್ದ ಎರಡು ಹವಳಗಳು ಈಗ ನನ್ನ ಸರದಲ್ಲಿವೆ. ಒಮ್ಮೆ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಅವನ್ನೇ ನೋಡುತ್ತಾ, "ಟೀಚರ್, ಹವಳ ಕಲ್ಲೋ, ಪ್ರಾಣಿಯೋ?" ಎಂದು ಕೇಳಿದಳು. ಚರಿತ್ರೆ ಪಾಠ ಮಾಡುವ ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. "ನಾಳೆ ಹೇಳುತ್ತೇನೆ" ಎಂದೆ. ಆ ನಾಳೆಗಾಗಿ ಓದಲು ಕುಳಿತಾಗ ಇಂಗ್ಲೆಂಡಿನ ಒಬ್ಬ ಗೃಹಿಣಿಯ ಕಥೆ ಸಿಕ್ಕಿತು.

ಹವಳ ಪ್ರಾಣಿಯೇ. ಮೆತ್ತನೆಯ ಮೈಯ ಪುಟ್ಟ ಜೀವಿ. ಕಡಲ ನೀರಿನಲ್ಲಿ ಕರಗಿರುವ ಸುಣ್ಣದ ಅಂಶವನ್ನು ಹೀರಿಕೊಂಡು ಕಲ್ಲಿನಂಥ ಎಲುಬು ಕಟ್ಟಿಕೊಳ್ಳುತ್ತದೆ. ನಾವು ಧರಿಸುವುದು ಅಂಥ ಎಲುಬಿನ ತುಂಡನ್ನು. ಜೀವಂತ ಹವಳವನ್ನು ಕಡಲಿನಿಂದ ದೂರ ತಂದು ಸಾಕಬಹುದೆಂದು ತೋರಿಸಿದವರಲ್ಲಿ ಆನಾ ಥಿನ್ ಮೊದಲಿಗರು.

ಆನಾ ಹುಟ್ಟಿದ್ದು 1806ರಲ್ಲಿ. ಗಂಡ ಲಾರ್ಡ್ ಜಾನ್ ಥಿನ್ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯ ಪಾದ್ರಿ. ಮನೆ ತುಂಬ ಮಕ್ಕಳು. 1846ರ ಶರತ್ಕಾಲದಲ್ಲಿ ಆಕೆ ಟಾರ್ಕೀ ಎಂಬ ಕಡಲತೀರದ ಊರಿನಲ್ಲಿದ್ದಾಗ ಬಂಡೆಗೆ ಅಂಟಿಕೊಂಡು ಬದುಕಿದ್ದ ಹವಳಗಳನ್ನು ಕಂಡರು. ಲಂಡನ್ನಿಗೆ ಒಯ್ಯುವ ಆಸೆಯಾಯಿತು. ದಾರಿ ಇನ್ನೂರೈವತ್ತು ಕಿಲೋಮೀಟರಿಗೂ ಹೆಚ್ಚು. ಕುಲುಕಾಟದಲ್ಲಿ ಒಂದಕ್ಕೊಂದು ತಾಗಿ ಸತ್ತರೆ? ಆಕೆ ಮಾಡಿದ್ದೇನು ಗೊತ್ತೇ? ಸೂಜಿ ದಾರ ತೆಗೆದುಕೊಂಡು ಹವಳಗಳನ್ನು ದೊಡ್ಡ ಸ್ಪಂಜಿಗೆ ಹೊಲಿದು, ಕಡಲ ನೀರು ತುಂಬಿದ ಜಾಡಿಯಲ್ಲಿ ಇಳಿಬಿಟ್ಟರು. ವಿಜ್ಞಾನದ ಪುಸ್ತಕದಲ್ಲಿ ಇಲ್ಲದ ಉಪಾಯ ಹೊಲಿಗೆಯ ಪೆಟ್ಟಿಗೆಯಲ್ಲಿತ್ತು.

ಹವಳವೇನೋ ಊರು ಸೇರಿತು. ಕಡಲು ಬರಬೇಕಲ್ಲ? ಲಂಡನ್ನಿನಲ್ಲಿ ಉಪ್ಪುನೀರು ಬೇಕೆಂದಾಗ ಸಿಗುವಂತಿರಲಿಲ್ಲ. ತಂದಿದ್ದ ನೀರನ್ನೇ ಮತ್ತೆ ಮತ್ತೆ ಬಳಸಬೇಕು. ನಾವು ಬಿಸಿ ಕಾಫಿಯನ್ನು ಲೋಟದಿಂದ ಬಟ್ಟಲಿಗೆ ಎತ್ತಿ ಎತ್ತಿ ಸುರಿಯುತ್ತೇವಲ್ಲ, ಹಾಗೆಯೇ ಬಳಸಿದ ನೀರನ್ನು ತೆರೆದ ಕಿಟಕಿಯ ಮುಂದೆ ಪಾತ್ರೆಯಿಂದ ಪಾತ್ರೆಗೆ ಸುರಿಸಿದರು. ಒಂದು ಸಲಕ್ಕೆ ಅರ್ಧ ಗಂಟೆ, ಮುಕ್ಕಾಲು ಗಂಟೆ. ಸುರಿದವಳು ಮನೆಗೆಲಸದ ಹುಡುಗಿ. ಕೆಲಸ ದಣಿವಿನದೇ, ಆದರೆ ಆಕೆಗೆ ಅದೊಂದು ವಿನೋದವಾಗಿತ್ತು ಎಂಬರ್ಥದಲ್ಲಿ ಆನಾ ಬರೆದಿದ್ದಾರೆ. ಚಿಕ್ಕಂದಿನಲ್ಲಿ ಬಾವಿಯಿಂದ ನೀರು ಸೇದಿದವಳು ನಾನು. ಆ ವಿನೋದ ಎಷ್ಟು ಹೊತ್ತಿನದು ಎಂಬುದು ನನ್ನ ತೋಳುಗಳಿಗೆ ಗೊತ್ತು.

ಆ ಸುರಿಯುವಿಕೆಯಲ್ಲಿ ನಿಜವಾದ ರಸಾಯನಶಾಸ್ತ್ರವಿತ್ತು. ಗಾಳಿಯಿಂದ ಆಮ್ಲಜನಕ ನೀರಿಗೆ ಸೇರಿತು, ಜೀವಿಗಳ ಉಸಿರಿನಿಂದ ತುಂಬಿದ್ದ ಇಂಗಾಲದ ಡೈಆಕ್ಸೈಡ್ ಹೊರಟುಹೋಯಿತು. ಅದು ಉಳಿದುಕೊಂಡರೆ ನೀರು ಆಮ್ಲದ ಕಡೆಗೆ ವಾಲುತ್ತದೆ. ಆಗ ಹವಳಕ್ಕೆ ಎಲುಬು ಕಟ್ಟುವುದು ಕಷ್ಟ. 1847ರ ವಸಂತದಲ್ಲಿ ಆನಾ ಟಾರ್ಕೀಯಿಂದ ಪಾಚಿ ಬೆಳೆದ ಕಲ್ಲು, ಚಿಪ್ಪುಗಳನ್ನು ತರಿಸಿ ಪಾತ್ರೆಯಲ್ಲಿಟ್ಟರು. ಬೆಳಕಿನಲ್ಲಿ ಕಡಲಪಾಚಿ ಅದೇ ಅನಿಲವನ್ನು ಹೀರಿ ಆಮ್ಲಜನಕ ಕೊಟ್ಟಿತು. ಹುಡುಗಿಯ ತೋಳಿಗೆ ನೆರವು ಸಿಕ್ಕಿತು. ಹವಳ, ಪಾಚಿಗಳ ಆ ಸಂಸಾರ ಸುಮಾರು 3 ವರ್ಷ ನಡೆಯಿತು.

ಲಂಡನ್ನಿನ ಮೃಗಾಲಯದಲ್ಲಿ ಮೀನುಮನೆ ತೆರೆದದ್ದು 1853ರಲ್ಲಿ. ಫಿಲಿಪ್ ಹೆನ್ರಿ ಗಾಸ್ ಅವರ 'ದಿ ಅಕ್ವೇರಿಯಂ' ಪುಸ್ತಕ ಬಂದದ್ದು 1854ರಲ್ಲಿ. ಆಮೇಲೆ ಗಾಜಿನ ತೊಟ್ಟಿ ಇಂಗ್ಲೆಂಡಿನ ಮನೆಮನೆಯ ಹುಚ್ಚಾಯಿತು. ಆನಾ ಅವರ ಟಿಪ್ಪಣಿ ಅಚ್ಚಾದದ್ದು 1859ರಲ್ಲಿ, ಗಾಸ್ ಅವರ ನೆರವಿನಿಂದ. ಮೊದಲು ಮಾಡಿದವಳ ಮಾತು ಕೊನೆಗೆ ಬಂತು.

ಆನಾ ಸಾಕಿದ್ದು ತಣ್ಣನೆಯ ಕಡಲಿನ ಒಂಟಿ ಹವಳವನ್ನು. ಈಗ ಹವ್ಯಾಸಿಗಳು ಬೆಚ್ಚನೆಯ ಕಡಲಿನ ದಿಬ್ಬ ಕಟ್ಟುವ ಹವಳಗಳನ್ನೂ ಸಾಕುತ್ತಾರೆ. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು, 400 ಮಿಲಿಗ್ರಾಂಗೂ ತುಸು ಹೆಚ್ಚು ಕ್ಯಾಲ್ಸಿಯಂ ಇರುತ್ತವೆ. ಹವಳ ಬೆಳೆದಂತೆ ಕ್ಯಾಲ್ಸಿಯಂ ಖರ್ಚಾಗುತ್ತದೆ. ಅದನ್ನು ತುಂಬಲು 1970ರ ದಶಕದಲ್ಲಿ ಪೀಟರ್ ವಿಲ್ಕೆನ್ಸ್ ಹೇಳಿಕೊಟ್ಟದ್ದು ಏನು ಬಲ್ಲಿರಾ? ಸುಣ್ಣದ ತಿಳಿ! ನಮ್ಮ ಎಲೆ ಅಡಿಕೆಯ ತಟ್ಟೆಯಲ್ಲಿರುವ ಸುಣ್ಣವೂ ಅದೇ ಜಾತಿಯದು. ಆದರೆ ತಿಳಿಯನ್ನು ಹನಿಹನಿಯಾಗಿಯೇ ಬಿಡಬೇಕು. ಒಮ್ಮೆಲೇ ಸುರಿದರೆ ನೀರಿನ ಕ್ಷಾರ ಏರಿ, ಸುಣ್ಣವೆಲ್ಲ ಬಿಳಿ ಪುಡಿಯಾಗಿ ತಳಕ್ಕಿಳಿಯುತ್ತದೆ. ಹವಳಕ್ಕೂ ಅಪಾಯ.

ಇದನ್ನು ಓದುವಾಗ ನನ್ನದೊಂದು ತಪ್ಪು ನೆನಪಾಯಿತು. ಮಗನಿಗೆಂದು ತಂದ ಮೀನಿನ ಬುಟ್ಟಲನ್ನು ಒಂದು ಹಬ್ಬದ ಹಿಂದಿನ ದಿನ ಲಕಲಕ ಉಜ್ಜಿ, ಹಳೆಯ ನೀರನ್ನೆಲ್ಲ ಚೆಲ್ಲಿ, ನಲ್ಲಿಯ ನೀರು ತುಂಬಿದ್ದೆ. ಮರುದಿನ ಎರಡು ಮೀನೂ ತೇಲುತ್ತಿದ್ದವು. ಮಗ ಹಬ್ಬದೂಟ ಮಾಡಲಿಲ್ಲ. ನಮಗೆ ಶುದ್ಧವೆನಿಸಿದ್ದು ನೀರಿನ ಜೀವಕ್ಕೆ ಹಿತವೆಂದೇನಿಲ್ಲ. ಅದಕ್ಕೆ ಬೇಕಾದದ್ದು ಹದ. ಹದವೋ ಒಂದು ದಿನದ ಸಂಭ್ರಮದಿಂದ ಬರುವುದಿಲ್ಲ, ದಿನದಿನದ ಕೈಯಿಂದ ಬರುತ್ತದೆ.

ಮರುದಿನ ತರಗತಿಯಲ್ಲಿ ಕಥೆಯನ್ನೆಲ್ಲ ಹೇಳಿದೆ. ಅದೇ ಹುಡುಗಿ ಎದ್ದು ನಿಂತು, "ನೀರು ಸುರಿದವಳ ಹೆಸರೇನು ಟೀಚರ್?" ಎಂದಳು. ನಾನು ಓದಿದ ಕಥೆಯಲ್ಲಿ ಅವಳು ಬರೀ ಕೆಲಸದ ಹುಡುಗಿ. ಹಾಗೆಂದು ಹೇಳಿ, ಹಲಗೆಯ ಮೇಲೆ 'ಆನಾ ಥಿನ್' ಎಂದು ಬರೆದೆ. ಅದರ ಪಕ್ಕದಲ್ಲಿ ಒಂದು ಹೆಸರಿನಷ್ಟು ಜಾಗ ಬಿಟ್ಟು ಕೆಳಗೊಂದು ಗೆರೆ ಎಳೆದೆ.