ಕೋನದ ನಿಖರ ಅಳತೆ: ಲೇಸರ್ ಗೈರೋಸ್ಕೋಪ್ ಮತ್ತು ಜಮೀನಿನ ಹದ್ದು

ಹದ್ದುಬಸ್ತಿಗಾಗಿ ಅರ್ಜಿ ಸಲ್ಲಿಸುವ ಸಾರ್ವಜನಿಕರ ಅವಗಾಹನೆಗಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

1. ಕೋನದ ಮಹತ್ವ: ಒಂದು ಡಿಗ್ರಿಗೆ 60 ನಿಮಿಷ, ಒಂದು ನಿಮಿಷಕ್ಕೆ 60 ಸೆಕೆಂಡ್. ಬೇವೂರಿನ ಹೊಲವೊಂದರ 300 ಮೀಟರ್ ಉದ್ದದ ಬದುವಿನ ದಿಕ್ಕು ಒಂದು ನಿಮಿಷ ತಪ್ಪಿದಲ್ಲಿ ಅದರ ತುದಿಯು ಸುಮಾರು 9 ಸೆಂಟಿಮೀಟರ್ ಸರಿಯುತ್ತದೆ. ಒಂದು ಡಿಗ್ರಿ ತಪ್ಪಿದಲ್ಲಿ 5 ಮೀಟರಿಗೂ ಹೆಚ್ಚು ಸರಿದು, ಸುಮಾರು ಏಳೂಮುಕ್ಕಾಲು ಗುಂಟೆ ಜಮೀನು ಪಕ್ಕದವರ ಪಾಲಾಗುತ್ತದೆ.

2. ಲೇಸರ್ ಗೈರೋಸ್ಕೋಪ್: ಮುಚ್ಚಿದ ಪಥದಲ್ಲಿ ಎರಡು ಲೇಸರ್ ಕಿರಣಗಳು ವಿರುದ್ಧ ದಿಕ್ಕಿನಲ್ಲಿ ಸುತ್ತುತ್ತವೆ. ಉಪಕರಣವು ತಿರುಗಿದಾಗ ಅವುಗಳ ಆವರ್ತನದಲ್ಲಿ ವ್ಯತ್ಯಾಸ ಉಂಟಾಗುತ್ತದೆ. ಅದನ್ನು ಎಣಿಸಿ ತಿರುಗಿದ ಕೋನವನ್ನು ತಿಳಿಯಲಾಗುತ್ತದೆ. ಇದರ ಮೂಲತತ್ವವನ್ನು 1913ರಲ್ಲಿ ಫ್ರಾನ್ಸಿನ ಸಾನ್ಯಾಕ್ ತೋರಿಸಿದರು. 1963ರಲ್ಲಿ ಲೇಸರ್ ಮಾದರಿಯು ಸಿದ್ಧವಾಯಿತು. ವಿಮಾನಗಳ ಪಥನಿರ್ದೇಶನದಲ್ಲಿಯೂ, ಪ್ರಯೋಗಾಲಯಗಳಲ್ಲಿ ಕೋನಮಾಪಕಗಳ ಪರಿಶೀಲನೆಯಲ್ಲಿಯೂ ಇದು ಬಳಕೆಯಲ್ಲಿದೆ.

3. ಭೂಮಾಪನ: 1800ರಲ್ಲಿ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಆಧಾರರೇಖೆಯನ್ನು ಅಳೆದ ಕಾಲದಿಂದಲೂ ಕೋನಗಳಿಗೆ ಥಿಯೋಡೊಲೈಟ್ ಆಧಾರವಾಗಿದೆ. ಇಂದಿನ ಟೋಟಲ್ ಸ್ಟೇಷನ್ ಕೋನವನ್ನು ಗುರುತುಗಳುಳ್ಳ ವೃತ್ತಫಲಕದಿಂದ ಓದುತ್ತದೆ; ಅದರ ಲೇಸರ್ ಕಿರಣವು ದೂರವನ್ನು ಅಳೆಯಲು ಮಾತ್ರ. ಬಯಲಿನಲ್ಲಿ ಗುರುತುಗಳು ಕಾಣುವುದರಿಂದ ಹದ್ದುಬಸ್ತಿಗೆ ಗೈರೋಸ್ಕೋಪಿನ ಅಗತ್ಯವಿರುವುದಿಲ್ಲ.

4. ಅರ್ಜಿದಾರರ ಗಮನಕ್ಕೆ:
(ಅ) ಉಪಕರಣ ಎಷ್ಟೇ ನಿಖರವಾಗಿದ್ದರೂ, ಅಳತೆಯ ಆರಂಭಬಿಂದು ತಪ್ಪಿದಲ್ಲಿ ಫಲಿತಾಂಶವೂ ತಪ್ಪುತ್ತದೆ. ಆದ್ದರಿಂದ ಹದ್ದಿನ ಕಲ್ಲುಗಳನ್ನು ಕೀಳಬಾರದು, ಸರಿಸಬಾರದು.
(ಆ) ಎರೆಭೂಮಿಯು ಹಿಗ್ಗಿ ಕುಗ್ಗುವುದರಿಂದ ಕಲ್ಲುಗಳು ವಾಲಬಹುದು. ಅಂತಹವುಗಳನ್ನು ತಾವಾಗಿಯೇ ನೆಟ್ಟಗೆ ಮಾಡದೆ ಭೂಮಾಪಕರಿಗೆ ತೋರಿಸತಕ್ಕದ್ದು.
(ಇ) ಅಳತೆಯ ದಿನ ಅರ್ಜಿದಾರರೂ ಅಕ್ಕಪಕ್ಕದ ಹಿಡುವಳಿದಾರರೂ ಸ್ಥಳದಲ್ಲಿ ಹಾಜರಿರುವುದು ಉಭಯತ್ರರಿಗೂ ಹಿತಕರ.